ಪೊರಕೆ ಕಿತ್ತ ಎರಡನೇ ಮೊಳೆ

ನನ್ನ ತಮ್ಮನನ್ನು ಪೇಟೆಯವರೆಲ್ಲ ಪೊರಕೆ ಎಂದೇ ಕರೆಯುವುದು. ಕಡ್ಡಿಯ ಹಾಗೆ ಇದ್ದಾನೆ ಎಂದಲ್ಲ, ಕಂಪ್ಯೂಟರಿನೊಳಗಿನ ಕಸ ಗುಡಿಸುವುದರಲ್ಲಿ ಅವನ ಸಮ ಯಾರೂ ಇಲ್ಲ ಎಂದು. ಹೆಸರಿಟ್ಟವರು ಹೊಗಳುವುದಕ್ಕೇ ಇಟ್ಟರು, ಅವನೂ ಹಲ್ಲು ಕಿರಿದು ಒಪ್ಪಿಕೊಂಡ. ಈಗ ಬೀದಿಯಲ್ಲಿ ಯಾರಾದರೂ ಹಾಗೆ ಕೂಗಿದರೆ ಅವನು ತಿರುಗಿ ನೋಡುವುದಿಲ್ಲ. ಜಂಬ ಬಂದಿದೆ ಎಂದು ಆಡಿಕೊಳ್ಳುವವರಿದ್ದಾರೆ. ಅವರ ಬಾಯಿ ಮುಚ್ಚಿಸುವುದಕ್ಕಾದರೂ ಇದನ್ನು ಬರೆಯಬೇಕಾಗಿದೆ.

ನಾನು ಅವನಿಗಿಂತ ಆರು ವರ್ಷ ದೊಡ್ಡವಳು. ಇಬ್ಬರಿಗೂ ಒಂದೇ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ನು, ಹಿಂದಿನದರಲ್ಲಿ ಅವನ ರಿಪೇರಿ ಮೇಜು. ನನಗೆ ಹದಿನೇಳು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ನಾನು ಹೆಚ್ಚು ದಿನ ಉಳಿಯುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಆ ಸಣ್ಣ ಬಾಟಲಿಯ ಸುತ್ತಲೇ ಆಯಿತು.

ಉಳಿದುಹೋದ ವಸ್ತು ಕಂಡರೆ ಅವನಿಗೆ ಚಿಕ್ಕಂದಿನಿಂದಲೂ ಆಗುತ್ತಿರಲಿಲ್ಲ. ಅಪ್ಪ ಹೋದ ಮೂರನೇ ದಿನಕ್ಕೇ, ಅಪ್ಪನ ಅಂಗಿ ತೂಗುತ್ತಿದ್ದ ಮೊಳೆಯನ್ನು ಕಿತ್ತು ತೂತಿಗೆ ಸುಣ್ಣ ಮೆತ್ತಿದ್ದ. ಅಮ್ಮ ಆ ಗೋಡೆಯ ಮುಂದೆ ನಿಂತು ಅತ್ತಿದ್ದಳು. "ಅಂಗಿ ಇಲ್ಲ, ಮೊಳೆ ಯಾಕಮ್ಮ?" ಎಂದಿದ್ದ ಈ ಪುಣ್ಯಾತ್ಮ. ಆಗ ಅವನಿಗೆ ಹನ್ನೊಂದು ವರ್ಷ.

ಆ ಬಾಡಿಗೆ ಮನೆ ಬಿಡುವಾಗ ಇನ್ನೊಂದು ಘಟನೆ ನಡೆಯಿತು. ಸಾಮಾನೆಲ್ಲ ಗಾಡಿಗೆ ಹಾಕಿದ ಮೇಲೆ ಇವನು ಕಟಿಂಗ್ ಪ್ಲೇಯರ್ ಹಿಡಿದು ಒಂದೊಂದೇ ಮೊಳೆ ಕೀಳುತ್ತ ಬಂದ. ಅಡುಗೆಮನೆಯ ಹಲಗೆ ಗೋಡೆಯಲ್ಲಿ ಒಂದು ಉದ್ದನೆಯ ಮೊಳೆ ಇತ್ತು. ನಮ್ಮ ಕಡೆ ಅದಕ್ಕೆ ಏನೂ ತೂಗುಹಾಕಿರಲಿಲ್ಲ. ಎಳೆದ. ಆಚೆ ಮನೆಯಲ್ಲಿ ದಡಾರನೆ ಸದ್ದಾಯಿತು. ಆ ಮೊಳೆ ಹಲಗೆಯನ್ನು ತೂರಿಕೊಂಡು ಹೋಗಿ ಪಕ್ಕದ ಮನೆಯವರ ಕಪಾಟನ್ನು ಹಿಡಿದುಕೊಂಡಿತ್ತಂತೆ. ಅವರ ಗಾಜಿನ ಭರಣಿಗಳಲ್ಲಿ ಒಂದೂ ಉಳಿಯಲಿಲ್ಲ. ಪಕ್ಕದ ಮನೆ ಅಜ್ಜಿ ನಮ್ಮ ಮೂರು ತಲೆಮಾರನ್ನು ಎಳೆತಂದು ಬೈದಳು. ಅವತ್ತಿನಿಂದ ಇವನಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಏನನ್ನೇ ಕೀಳಲಿ, ಕೀಳುವ ಮುಂಚೆ ಅದು ಎಲ್ಲಿತ್ತು, ಹೇಗಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಕೀಳುವುದನ್ನಂತೂ ಬಿಡಲಿಲ್ಲ.

ಅವನ ಕೆಲಸ ಏನೆಂದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಜನ ಕಂಪ್ಯೂಟರಿಗೆ ಯಾವುದೋ ಸಾಫ್ಟ್‌ವೇರ್ ಹಾಕಿಸುತ್ತಾರೆ, ಬೇಡವಾದಾಗ ತೆಗೆಯುತ್ತಾರೆ. ಅದು ಹೋಗುವಾಗ ಪೂರ್ತಿ ಹೋಗುವುದಿಲ್ಲ. ಮಷಿನ್ ಆನ್ ಆದ ಕೂಡಲೇ ಯಾರು ಯಾರನ್ನು ಎಬ್ಬಿಸಬೇಕು ಎಂಬ ಪಟ್ಟಿಯೊಂದು ಒಳಗಿರುತ್ತದೆ. ಹೋದವನ ಹೆಸರು ಆ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ದಿನಾ ಬೆಳಗ್ಗೆ ಮಷಿನ್ ಅವನನ್ನು ಕೂಗುತ್ತದೆ, ಅವನಿಲ್ಲ, 'ಫೈಲ್ ಸಿಗಲಿಲ್ಲ' ಎಂದು ಪರದೆಯ ಮೇಲೆ ಬರೆಯುತ್ತದೆ. ನನ್ನ ತಮ್ಮ ಅಂಥ ಹೆಸರುಗಳನ್ನು ಹುಡುಕಿ ತೆಗೆಯುತ್ತಾನೆ.

ಎಲ್ಲರೂ ಹಾಗೇ ತೆಗೆಯುವುದಿಲ್ಲ. ಹೆಸರಿನ ಮುಂದಿನ ಟಿಕ್ ತೆಗೆದರೆ ಸಾಕು, ಮಷಿನ್ ಕೂಗುವುದನ್ನು ನಿಲ್ಲಿಸುತ್ತದೆ, ಬೇಕಾದರೆ ನಾಳೆ ಮತ್ತೆ ಟಿಕ್ ಹಾಕಬಹುದು. ಇವನಿಗೆ ಅದು ಸೇರದು.

"ಟಿಕ್ ತೆಗೆಯೋದು ಅಂದ್ರೆ ಕಸಾನ ಚಾಪೆ ಕೆಳಗೆ ತಳ್ಳಿದ ಹಾಗೆ ಕಣಕ್ಕಾ. ಬೇರು ಸಮೇತ ಹೋಗ್ಬೇಕು," ಎನ್ನುತ್ತಿದ್ದ.

"ನಿನ್ನ ತಲೆ. ಒಂದಿನ ಬೇಕಾದ್ದನ್ನೂ ಕೀಳ್ತೀಯ ನೋಡು," ಎಂದು ನಾನು ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಿದ್ದೆ.

"ನಾಲ್ಕು ಕಡೆ ನೋಡ್ದೆ ಕೀಳಲ್ಲ."

ಅದು ನಿಜ. ಸಾಫ್ಟ್‌ವೇರ್ ಇದೆಯೇ, ಅದರ ಫೋಲ್ಡರಿನಲ್ಲಿ ಏನಾದರೂ ಇದೆಯೇ, ಮಾಡಿದ ಕಂಪನಿಯ ಹೆಸರಿದೆಯೇ, ಪಟ್ಟಿ ತೋರಿಸುವ ಜಾಗದಲ್ಲಿ ಫೈಲ್ ಇದೆಯೇ, ಹೀಗೆ ನಾಲ್ಕು ನೋಡುತ್ತಿದ್ದ. ನಾಲ್ಕೂ ಇಲ್ಲವೆಂದರೆ ಮಾತ್ರ ಕೀಳುತ್ತಿದ್ದ.

ಊರಾಚೆ ಒಂದು ಔಷಧಿ ಗೋದಾಮಿದೆ. ಇಲ್ಲಿನ ಎಲ್ಲ ಔಷಧಿ ಅಂಗಡಿಗಳಿಗೂ ಮಾಲು ಅಲ್ಲಿಂದಲೇ ಬರುತ್ತದೆ. ಅದರ ಹಿಂಭಾಗದಲ್ಲಿ ತಣ್ಣನೆಯ ಕೋಣೆ. ಲಸಿಕೆ, ಇನ್ಸುಲಿನ್ ಎಲ್ಲ ಅಲ್ಲಿರುತ್ತದೆ. ಎರಡು ಡಿಗ್ರಿಗಿಂತ ಕಡಿಮೆಯಾಗಬಾರದು, ಎಂಟು ದಾಟಬಾರದು. ಇನ್ಸುಲಿನ್ ಒಂದು ಸಲ ಹೆಪ್ಪುಗಟ್ಟಿತೆಂದರೆ ಮುಗಿಯಿತು. ಆಮೇಲೆ ಕರಗಿ ನೀರಾಗಿ, ನೋಡುವುದಕ್ಕೆ ಮೊದಲಿನ ಹಾಗೇ ಕಾಣುತ್ತ ಕೂತಿರಬಹುದು. ಒಳಗೆ ಸತ್ವ ಇರುವುದಿಲ್ಲ. ಕಣ್ಣಿನಿಂದ ನೋಡಿ ಹೇಳುತ್ತೇನೆ ಎಂದರೆ ಆಗುವ ಮಾತಲ್ಲ.

ಆ ಕೋಣೆಯನ್ನು ನೋಡಿಕೊಳ್ಳುವ ಮುದುಕನಿಗೆ ಎಲ್ಲರೂ ಥರ್ಮಾಮೀಟರ್ ತಾತ ಎನ್ನುತ್ತಾರೆ. ಅವನ ಕೋಣೆಗೆ ಒಂದು ಗಂಟೆ ಇತ್ತು. ಶಾಖ ಒಂದಿಷ್ಟು ಹೆಚ್ಚುಕಡಿಮೆಯಾದರೂ ಗೇಟಿನ ಕಾವಲುಗಾರನಿಗೆ ಕೇಳುವಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತು. ಹಿಂದೆ ಎರಡು ಸಲ ಅದು ಮಾಲು ಉಳಿಸಿತ್ತು. ಹಾಗಾಗಿ ತಾತನ ಗಂಟೆ ಎಂದರೆ ಅಂಗಡಿಯವರಿಗೆಲ್ಲ ಭಾರಿ ನಂಬಿಕೆ. ಆದರೆ ಆ ಗಂಟೆ ಎಲ್ಲಿದೆ ಎಂಬುದು ತಾತನೊಬ್ಬನಿಗೇ ಗೊತ್ತಿತ್ತು. ಮಿಕ್ಕವರು ಅದು ತಣ್ಣನೆಯ ಕೋಣೆಯ ಯಂತ್ರದಲ್ಲೇ ಇದೆ ಎಂದುಕೊಂಡಿದ್ದರು.

ಅದು ಇದ್ದದ್ದು ಕಂಪ್ಯೂಟರಿನಲ್ಲಿ. ಹಿಂದಿನ ವರ್ಷ ಮ್ಯಾನೇಜರ್ ಹಳೆಯ ಸಾಫ್ಟ್‌ವೇರ್ ತೆಗೆಸಿ ಹೊಸದು ಹಾಕಿಸಿದ್ದರು. ಹೊಸದು ಅಂದವಾದ ಗ್ರಾಫ್ ಬರೆಯುತ್ತಿತ್ತು, ಆದರೆ ಬೆಳಗ್ಗೆ ಯಾರಾದರೂ ಪಾಸ್‌ವರ್ಡ್ ಹಾಕಿ ಎಬ್ಬಿಸಬೇಕು, ಗಂಟೆ ಬೇರೆ ಇಲ್ಲ. ತಾತನಿಗೆ ಅದರ ಮೇಲೆ ಎಳ್ಳಷ್ಟೂ ವಿಶ್ವಾಸ ಹುಟ್ಟಲಿಲ್ಲ. ಹಳೆಯದನ್ನು ತೆಗೆಯುವ ಮುಂಚೆ ಅದರ ಗಂಟೆಯ ಭಾಗವನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದನ್ನು ಮಷಿನ್ನಿನ ಬೆನ್ನಿಗೆ ಯಾರಿಗೂ ಕಾಣದ ಹಾಗೆ ಸಿಕ್ಕಿಸಿದ. ಆನ್ ಆದ ಕೂಡಲೇ ತಾನಾಗಿಯೇ ಏಳಲಿ ಎಂದು ಎಬ್ಬಿಸುವ ಪಟ್ಟಿಯಲ್ಲಿದ್ದ ಹಳೆಯ ಹೆಸರನ್ನೇ ಉಳಿಸಿಕೊಂಡು, ವಿಳಾಸ ಮಾತ್ರ ಪೆನ್‌ಡ್ರೈವಿಗೆ ತಿರುಗಿಸಿದ. ಮ್ಯಾನೇಜರಿಗೆ ಹೇಳಲಿಲ್ಲ. ಹೇಳಿದ್ದರೆ ಬೈದು ತೆಗೆಸುತ್ತಿದ್ದರು.

ಅವನು ಕಣ್ಣಿನ ಆಪರೇಷನ್ನಿಗೆಂದು ಇಪ್ಪತ್ತು ದಿನ ರಜೆ ಹಾಕಿದ. ಬೇರೆಯವರ ಕೈಗೆ ಸಿಕ್ಕೀತು ಎಂದು ಪೆನ್‌ಡ್ರೈವನ್ನು ಕಿತ್ತು ಮನೆಯ ಬೀಗದ ಕೈ ಗೊಂಚಲಿಗೆ ಕಟ್ಟಿಕೊಂಡು ಹೋದ. ಅಜಾಗರೂಕ ಮನುಷ್ಯನಲ್ಲ ಅವನು. ತಾನಿಲ್ಲದಷ್ಟು ದಿನ ಹೊತ್ತು ಹೊತ್ತಿಗೂ ಮೀಟರ್ ನೋಡಬೇಕೆಂದು ಕಾವಲುಗಾರನಿಗೆ ಹೇಳಿಯೇ ಹೋಗಿದ್ದ.

ಮಾರನೆಯ ಬೆಳಗ್ಗೆಯಿಂದ ಕಂಪ್ಯೂಟರಿನಲ್ಲಿ 'ಫೈಲ್ ಸಿಗಲಿಲ್ಲ' ಎಂಬ ಕಿಟಕಿ ತೆರೆದುಕೊಳ್ಳತೊಡಗಿತು. ಮ್ಯಾನೇಜರ್ ನನ್ನ ತಮ್ಮನಿಗೆ ಫೋನ್ ಮಾಡಿದರು.

"ಹೋದ ವರ್ಷವೇ ತೆಗೆಸಿದ ಸಾಫ್ಟ್‌ವೇರ್ ಮಾರಾಯ್ರೇ, ಈಗ ದೆವ್ವದ ಥರ ಎದ್ದು ಬರ್ತಿದೆ. ಬಂದು ಗುಡಿಸಿ ಹೋಗಿ."

ಇವನು ಹೋದ. ನಾಲ್ಕೂ ಕಡೆ ನೋಡಿದ. ಸಾಫ್ಟ್‌ವೇರ್ ಇರಲಿಲ್ಲ, ಫೋಲ್ಡರ್ ಖಾಲಿ, ಕಂಪನಿಯ ಹೆಸರಿಲ್ಲ, ಪಟ್ಟಿ ತೋರಿಸುತ್ತಿದ್ದ ಇ ಡ್ರೈವ್ ಎಂಬುದು ಆ ಮಷಿನ್ನಿನಲ್ಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ಹೆಸರು, ವಿಳಾಸ, ತಾರೀಖು ಬರೆದು, ಬೇರು ಸಮೇತ ತೆಗೆದ. ಮಧ್ಯಾಹ್ನ ಊಟಕ್ಕೆ ಬಂದಾಗ ಸಿಳ್ಳೆ ಹಾಕುತ್ತಿದ್ದ.

ತಾತ ವಾಪಸು ಬಂದ. ಕಣ್ಣಿಗೆ ಕಪ್ಪು ಕನ್ನಡಕ, ಹೊಸ ಕನ್ನಡಕ ಇನ್ನೂ ಬಂದಿಲ್ಲ, ಪರದೆ ನೋಡಬಾರದೆಂದು ಡಾಕ್ಟರ ಅಪ್ಪಣೆ. ಕೈಯಿಂದ ತಡವಿ ಪೆನ್‌ಡ್ರೈವನ್ನು ಅದರ ಜಾಗಕ್ಕೆ ಸಿಕ್ಕಿಸಿದ, ಮಷಿನ್ ಆನ್ ಮಾಡಿಸಿದ. ಗಂಟೆ ಎಚ್ಚರವಿದ್ದರೆ ಪರದೆಯ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ಚುಕ್ಕೆ ಕಾಣಬೇಕು. ಅದು ಕಾಣುವ ಕಣ್ಣು ಅವನಿಗಿರಲಿಲ್ಲ. ಕಾವಲುಗಾರನಿಗೆ, "ಇನ್ನು ನೀನು ಮೀಟರ್ ನೋಡೋದು ಬೇಡಪ್ಪ, ನಾನು ಬಂದಿದೀನಲ್ಲ," ಎಂದ.

ತಾತ ಕೆಲಸಕ್ಕೆ ಮರಳಿದ ಎರಡನೇ ವಾರದ ಶನಿವಾರ ಸಂಜೆ ಗೋದಾಮಿಗೆ ಬೀಗ ಬಿದ್ದ ಮೇಲೆ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ತಾನೇ ಆಫ್ ಆಗಿ ಆನ್ ಆಯಿತು. ಹೊಸ ಸಾಫ್ಟ್‌ವೇರ್ ಪಾಸ್‌ವರ್ಡ್ ಕೇಳಿಕೊಂಡು ಕೂತಿತು. ತಣಿಸುವ ಯಂತ್ರ ಮಾತ್ರ ನಿಲ್ಲುವುದನ್ನೇ ಮರೆತು ಭಾನುವಾರವಿಡೀ ತಣಿಸುತ್ತಲೇ ಇತ್ತು. ಸೋಮವಾರ ಮುಂಜಾನೆ ಮತ್ತೊಮ್ಮೆ ಕರೆಂಟ್ ಹೋಗಿ ಬಂದಾಗ ತಾನಾಗಿಯೇ ಸರಿಹೋಯಿತು. ಒಂಬತ್ತು ಗಂಟೆಗೆ ಬಾಗಿಲು ತೆಗೆದಾಗ ಮೀಟರಿನಲ್ಲಿ ನಾಲ್ಕು ಡಿಗ್ರಿ. ಕೆಲವು ಪೆಟ್ಟಿಗೆಗಳು ಒದ್ದೆಯಾಗಿದ್ದವು. ಗ್ರಾಫಿನಲ್ಲಿ ಒಂದೂವರೆ ದಿನ ಬರೀ ಖಾಲಿ.

"ಕಳಿಸೋದಾ ಬೇಡ್ವಾ?" ಎಂದು ಮ್ಯಾನೇಜರ್ ತಾತನನ್ನು ಕೇಳಿದರಂತೆ.

"ಗಂಟೆ ಹೊಡ್ದಿಲ್ಲ ಸರ್. ಗಂಟೆ ಹೊಡ್ದಿಲ್ಲ ಅಂದ್ಮೇಲೆ ಮಾಲಿಗೆ ಏನೂ ಆಗಿಲ್ಲ," ಎಂದನಂತೆ ತಾತ. ಪೆಟ್ಟಿಗೆಗಳನ್ನು ಬಟ್ಟೆಯಲ್ಲಿ ಒರೆಸಿ ಗಾಡಿಗೆ ಹಾಕಿದರು.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಇಷ್ಟೇ: ಮಂಗಳವಾರ ಹೊಸ ಬಾಟಲಿ ತಂದೆ, ಅದರ ಡಬ್ಬಿಯ ಕಾಗದ ನೆನೆದು ಒಣಗಿ ಸುಕ್ಕಾಗಿತ್ತು, ಗುರುವಾರದ ಹೊತ್ತಿಗೆ ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ಬಿಂದಿಗೆ ನೀರು ಕುಡಿದರೂ ದಾಹ ತೀರದು. ಸಕ್ಕರೆ ನೋಡಿದರೆ ಆಕಾಶಕ್ಕೇರಿತ್ತು. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, "ಏನು ತಿಂದ್ರಿ ನಿಜ ಹೇಳಿ," ಎಂದರು. ಮನೆಗೆ ಬಂದರೆ ತಮ್ಮನೂ ಅದೇ ರಾಗ.

"ಕದ್ದು ತಿಂದ್ಯಾ ಅಕ್ಕಾ?"

"ನಾಯಿ ಮೂತಿ ನೋಡಿದ ಹಾಗೆ ನನ್ನ ಮುಖ ನೋಡ್ಬೇಡ. ಏನೂ ತಿಂದಿಲ್ಲ ಕಣೋ."

"ಮತ್ತೆ ಸುಮ್ಸುಮ್ನೆ ಏರುತ್ತಾ?"

ನನಗೆ ಮೈಯೆಲ್ಲ ಉರಿಯಿತು. ಹದಿನೇಳು ವರ್ಷ ನಾಲಿಗೆ ಕಟ್ಟಿಕೊಂಡವಳನ್ನು ಕಳ್ಳಿ ಎಂದರೆ ಯಾರಿಗೆ ತಡೆಯುತ್ತದೆ? ಅವತ್ತು ಅವನಿಗೆ ಅನ್ನ ಬಡಿಸಲಿಲ್ಲ.

ಶುಕ್ರವಾರ ಔಷಧಿ ಅಂಗಡಿಗೆ ಹೋದೆ, ಡಾಕ್ಟರು ಡೋಸ್ ಹೆಚ್ಚಿಸಿದ್ದರು, ಇನ್ನೊಂದು ಬಾಟಲಿ ಬೇಕಿತ್ತು. ಅಲ್ಲಿ ಟೈಪಿಂಗ್ ಟೀಚರ್ ನಿಂತಿದ್ದರು. ಊರಿನ ಅರ್ಧ ಜನಕ್ಕೆ ಟೈಪಿಂಗ್ ಕಲಿಸಿದವರು, ನನ್ನ ತಮ್ಮನೂ ಅವರ ಶಿಷ್ಯನೇ. ಅವರಿಗೆ ಎಳವೆಯಿಂದಲೇ ಈ ಕಾಯಿಲೆ. ಅವತ್ತು ಕೌಂಟರಿನ ಅಂಚು ಹಿಡಿದು ನಿಂತಿದ್ದರು, ಉಸಿರು ಜೋರಾಗಿ ಬರುತ್ತಿತ್ತು. ಅಂಗಡಿಯವನು ಅವರಿಗೂ ಬುದ್ಧಿ ಹೇಳುತ್ತಿದ್ದ.

"ನಾನು ಏನೂ ತಿಂದಿಲ್ಲಮ್ಮ," ಎಂದು ಅವರು ನನ್ನತ್ತ ತಿರುಗಿದರು. "ಮನೇಲೂ ಯಾರೂ ನಂಬ್ತಿಲ್ಲ. ಈ ಔಷಧೀಲೇ ಏನೋ ಇದೆ."

"ಔಷಧಿ ಚೆನ್ನಾಗೇ ಇದೆ ಟೀಚರ್," ಎಂದ ಅಂಗಡಿಯವನು. "ಗೋದಾಮಿಗೆ ಫೋನ್ ಮಾಡಿ ಕೇಳ್ದೆ. ತಾತನ ಗಂಟೆ ಹೊಡ್ದಿಲ್ವಂತೆ."

ನಾನೇನು ಹೇಳಿದೆ ಗೊತ್ತೇ? ನನ್ನ ಮೇಲೂ ಅದೇ ಸುಳ್ಳು ಆಪಾದನೆ ಬಂದಿತ್ತು. ಆದರೂ ತಮಾಷೆಗೆ, "ನಂಗಾದ್ರೂ ಹೇಳಿ ಟೀಚರ್, ಸಿಹಿ ಎಲ್ಲಿ ಬಚ್ಚಿಟ್ಟಿದೀರ? ಇಬ್ರೂ ಹಂಚ್ಕೊಂಡು ತಿನ್ನೋಣ," ಎಂದೆ. ಅವರು ನಗಲಿಲ್ಲ. ಬಾಟಲಿ ತೆಗೆದುಕೊಂಡು ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದರು. ನನ್ನ ನಾಲಿಗೆಗೆ ಅವತ್ತೇ ಬರೆ ಹಾಕಬೇಕಿತ್ತು.

ಶನಿವಾರ ಬೆಳಗ್ಗೆ ನನಗೆ ಎರಡು ಸಲ ವಾಂತಿಯಾಯಿತು. ತಮ್ಮ ಹೆದರಿಬಿಟ್ಟ. ಆಸ್ಪತ್ರೆಗೆ ಹೋಗಲು ಆಟೋ ಕರೆಯುತ್ತಿದ್ದವನಿಗೆ ನಾನು ಬಾಗಿಲಿಗೊರಗಿಕೊಂಡು ಅಂಗಡಿಯಲ್ಲಾದ ಮಾತು ಹೇಳಿದೆ. ಟೀಚರ್‌ಗೂ ಹೀಗೇ ಆಗಿದೆ, ಔಷಧಿ ಸರಿಯಿದೆಯಂತೆ, ತಾತನ ಗಂಟೆ ಹೊಡೆದಿಲ್ಲವಂತೆ.

"ಯಾವ ಗಂಟೆ?" ಎಂದ.

"ಗೋದಾಮಿಂದು. ತಣ್ಣನೆ ಕೋಣೆ ಹೆಚ್ಚುಕಮ್ಮಿ ಆದ್ರೆ ಹೊಡೆಯುತ್ತಂತಲ್ಲ."

"ಆ ಯಂತ್ರದಲ್ಲಿ ಗಂಟೆ ಇಲ್ಲಕ್ಕಾ. ನಾನೇ ನೋಡಿದೀನಿ. ಎಲ್ಲಿಂದ ಹೊಡೆಯುತ್ತೆ?"

ಹಾಗೆಂದವನು ಅಲ್ಲೇ ನಿಂತುಬಿಟ್ಟ. ಆಮೇಲೆ ಹಿಂದಿನ ಕೋಣೆಗೆ ಹೋಗಿ ನೋಟ್‌ಬುಕ್ ತಂದು ಪುಟ ತಿರುವಿದ. ಗೋದಾಮಿನ ಸಾಲಿನ ಮೇಲೆ ಬೆರಳಿಟ್ಟ; ಅಲ್ಲಿ ಬರೆದಿದ್ದ 'ಇ ಡ್ರೈವ್' ಹೊರಗಿನಿಂದ ಸಿಕ್ಕಿಸಿ ಕೀಳುವ ಪೆನ್‌ಡ್ರೈವೂ ಆಗಿರಬಹುದಿತ್ತು.

"ಅಕ್ಕಾ," ಎಂದ, "ಆಚೆ ಕಡೆ ಏನಿದೆ ಅಂತ ನಾನು ನೋಡ್ಲಿಲ್ಲ."

ನನ್ನ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಆಸ್ಪತ್ರೆಯಲ್ಲಿ ನರ್ಸ್ ತಮ್ಮಲ್ಲಿದ್ದ ಹಳೆಯ ದಾಸ್ತಾನಿನ ಇನ್ಸುಲಿನ್ ಕೊಟ್ಟರು. ಡಾಕ್ಟರಿಗೆ ಇವನು ನಡೆದದ್ದನ್ನೆಲ್ಲ ಹೇಳಿದ. ಟೀಚರ್ ಮನೆಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ದಾಹ ಅರ್ಧ ಇಳಿದಿತ್ತು. ಮಲಗಿರು ಎಂದರೂ ಕೇಳದೆ ಅವನ ಜೊತೆ ಗೋದಾಮಿಗೆ ಹೋದೆ. ಅವನೊಬ್ಬನೇ ಹೋದರೆ ಮಾತು ಬಾಯಿಂದ ಹೊರಡುತ್ತದೋ ಇಲ್ಲವೋ ಎಂಬ ಅನುಮಾನ ನನಗೆ.

ಹೊರಟಿತು. ಮ್ಯಾನೇಜರ ಮೇಜಿನ ಮುಂದೆ ನಿಂತು ಒಂದನ್ನೂ ಬಚ್ಚಿಡದೆ ಹೇಳಿದ. ತಾತ ಮೊದಲು ನಂಬಲಿಲ್ಲ. ತಡವಿಕೊಂಡು ಹೋಗಿ ಪೆನ್‌ಡ್ರೈವ್ ಮುಟ್ಟಿ ನೋಡಿದ, ಅದು ಅಲ್ಲೇ ಇತ್ತು. ನನ್ನ ತಮ್ಮ ಎಬ್ಬಿಸುವ ಪಟ್ಟಿ ತೆರೆದು, ಅದರಲ್ಲಿ ಗಂಟೆಯ ಹೆಸರಿಲ್ಲವೆಂದು ಓದಿ ಹೇಳಿದ. ತಾತ ಎದ್ದು ತಣ್ಣನೆಯ ಕೋಣೆಗೆ ಹೋದ, ನಾವೂ ಹಿಂದೆ ಹೋದೆವು. ಒಳಗಿನ ಮೂಲೆಯ ಶೆಲ್ಫಿನ ಹಿಂದೆ ಅವನು ಕುಡಿಯಲು ಇಟ್ಟುಕೊಳ್ಳುತ್ತಿದ್ದ ಗಾಜಿನ ನೀರಿನ ಬಾಟಲಿ ಇತ್ತು. ರಜೆಗೆ ಹೋದಾಗಿನಿಂದ ಅದನ್ನು ಮರೆತಿದ್ದನಂತೆ. ಕೈಗೆತ್ತಿಕೊಂಡರೆ ತಳ ಬಿಟ್ಟು ಬಂತು. ನೀರು ಗಡ್ಡೆಕಟ್ಟಿ ಗಾಜು ಸೀಳಿತ್ತು. ತಾತ ಪೆಟ್ಟಿಗೆಗಳ ನಡುವೆ ನೆಲದ ಮೇಲೇ ಕೂತುಬಿಟ್ಟ.

ಮ್ಯಾನೇಜರ್ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ನೋಡಿ, ಇಲ್ಲಿರೋದನ್ನ ಸದ್ದಿಲ್ಲದೆ ನಾಶ ಮಾಡ್ತೀನಿ. ಹೊರಗೆ ಹೋಗಿದ್ದು ಎಷ್ಟೋ ಖರ್ಚಾಗಿರುತ್ತೆ, ಈಗ ಬೊಬ್ಬೆ ಹೊಡೆದ್ರೆ ನಿಮ್ಮ ಹೆಸರೂ ಕೆಡುತ್ತೆ, ನಮ್ಮದೂ. ಆ ಪುಟ ಒಂದು ತೆಗೆದುಬಿಡಿ. ತೆಗೆಯೋದು ನಿಮಗೇನು ಹೊಸದಾ?"

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾಗದು. ತಮ್ಮ ನನ್ನ ತೋಳು ಹಿಡಿದು ತಡೆದ.

"ಇದನ್ನ ತೆಗೆಯಲ್ಲ ಸರ್," ಎಂದ. "ಮಾಲು ಯಾವ್ಯಾವ ಅಂಗಡಿಗೆ ಹೋಗಿದೆ, ಆ ಪಟ್ಟಿ ಕೊಡಿ. ಕೊಡದಿದ್ರೆ ಈ ಪುಸ್ತಕ ಹಿಡ್ಕೊಂಡು ಬೀದಿ ಬೀದೀಲಿ ಓದ್ತೀನಿ."

ಕೊಟ್ಟರು. ಅಲ್ಲೇ ಕೂತು ಒಂದೊಂದೇ ಅಂಗಡಿಗೆ ಫೋನ್ ಮಾಡಿದ. ಪ್ರತಿ ಸಲವೂ ಮೊದಲು ತನ್ನ ತಪ್ಪು ಹೇಳಿ, ಆಮೇಲೆ ಬಾಟಲಿಯ ನಂಬರ್ ಹೇಳುತ್ತಿದ್ದ. ಕೆಲವರು ಬೈದರು. ಬೈದು ಮುಗಿಯುವವರೆಗೂ ಕೇಳಿಸಿಕೊಂಡ. ದೂರದ ಊರುಗಳಿಗೆ ಹೋದ ಪೆಟ್ಟಿಗೆಗಳ ಗತಿ ಏನಾಯಿತೋ ನಮಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಫೋನ್ ಬಡಿದರೆ ಅವನು ಈಗಲೂ ಬೆಚ್ಚುತ್ತಾನೆ.

ನಮ್ಮ ಅಂಗಡಿಯವನು ಬಾಟಲಿಯ ನಂಬರನ್ನು ಎರಡು ಸಲ ಕೇಳಿಕೊಂಡ. ಆಮೇಲೆ ಹೇಳಿದ, ಟೈಪಿಂಗ್ ಟೀಚರ್ ಇವತ್ತು ಬೆಳಗ್ಗೆ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡರಂತೆ.

ನಾಲ್ಕು ದಿನ ಬಿಟ್ಟು ಅವರ ಮನೆಗೆ ಹೋದೆವು. ಆ ನಾಲ್ಕು ದಿನವೂ ನನ್ನ ತಮ್ಮ ಹೊರಡುವುದು, ಬೀದಿಯ ತಿರುವಿನಿಂದ ಹಿಂದಿರುಗುವುದು, ಇದೇ ಮಾಡುತ್ತಿದ್ದ. ಕೊನೆಗೆ ನಾನೇ ಎಳೆದುಕೊಂಡು ಹೋದೆ. ನನಗೂ ಆ ಮನೆಗೆ ಹೇಳಬೇಕಾದದ್ದಿತ್ತು.

ಟೀಚರ ಗಂಡ ಪುಸ್ತಕಗಳಿಗೆ ಬೈಂಡ್ ಹಾಕುವವರು. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಡುಗೆಮನೆಯ ಡಬ್ಬಿಗಳೆಲ್ಲ ನೆಲದ ಮೇಲೆ ಮುಚ್ಚಳ ತೆಗೆದು ಬಿದ್ದಿದ್ದವು. ಬೀರುವಿನ ಬಟ್ಟೆಗಳು ಹೊರಗೆ, ಹಾಸಿಗೆ ಮಗುಚಿ ಹಾಕಿತ್ತು. ಟೈಪ್‌ರೈಟರಿನ ಹೊದಿಕೆ ಕೂಡ ತಿರುವಿ ಬಿದ್ದಿತ್ತು. ಅವರು ಮಂಡಿಯೂರಿ ಮಂಚದ ಕೆಳಗೆ ಕೈಯಾಡಿಸುತ್ತಿದ್ದರು. ನಮ್ಮನ್ನು ಕಂಡು ಎದ್ದರು.

"ಎಲ್ಲಿ ಬಚ್ಚಿಟ್ಟಿದ್ಲೋ ಗೊತ್ತಾಗ್ತಿಲ್ಲ," ಎಂದರು, ನಾವು ಅದನ್ನೇ ಕೇಳಲು ಬಂದವರೇನೋ ಎಂಬಂತೆ. "ಸಿಹಿ. ಎಲ್ಲೋ ಇಟ್ಕೊಂಡು ತಿಂತಿದ್ಲು. ಅದನ್ನೊಂದು ನೋಡಿಬಿಟ್ರೆ ನಂಗೆ ಸಮಾಧಾನ. ನಾಲ್ಕು ದಿನದಿಂದ ಹುಡುಕ್ತಿದೀನಿ, ಸಿಗ್ತಾನೇ ಇಲ್ಲ."

ನನ್ನ ತಮ್ಮ ಡಬ್ಬಿಗಳ ನಡುವೆ ಕಾಲೂರಿಕೊಂಡು ಅವರ ಹತ್ತಿರ ಹೋದ. ನೋಟ್‌ಬುಕ್ ಅವನ ಕಂಕುಳಲ್ಲಿತ್ತು.

"ಹುಡುಕ್ಬೇಡಿ ಯಜಮಾನ್ರೇ. ಟೀಚರ್ ಏನೂ ತಿಂದಿರ್ಲಿಲ್ಲ. ಔಷಧಿ ಕೆಟ್ಟಿತ್ತು. ಕೆಟ್ಟಾಗ ಕೂಗ್ಬೇಕಾಗಿದ್ದನ್ನ ನಾನು ಕಿತ್ತುಹಾಕಿದ್ದೆ."

ಆಮೇಲೆ ಪುಟ ತೆರೆದು, ಆ ಸಾಲನ್ನು ತೋರಿಸಿ, ಎಲ್ಲವನ್ನೂ ಹೇಳಿದ. ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆದಿದ್ದರೆ ನಾನು ತಡೆಯುತ್ತಿರಲಿಲ್ಲ. ಅವರು ಹತ್ತಿರವಿದ್ದ ಒಂದು ಖಾಲಿ ಡಬ್ಬಿ ಎತ್ತಿಕೊಂಡು ಅದರ ಒಳಗೆ ನೋಡಿದರು.

"ಹಾಗಾದ್ರೆ ಇಲ್ವಾ?" ಎಂದರು.

"ಇಲ್ಲ."

"ಎಲ್ಲೂ ಇಲ್ವಾ?"

"ಎಲ್ಲೂ ಇಲ್ಲ."

ಅವರು ಡಬ್ಬಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. ಮಂಚದ ಅಂಚಿನಲ್ಲಿ ಕೂತರು.

"ಅವಳು ಹೇಳಿದ್ಲು," ಎಂದರು. "ನಾಲ್ಕು ಸಲ ಹೇಳಿದ್ಲು. ಸುಳ್ಳು ಬೊಗಳ್ಬೇಡ ಅಂದೆ ನಾನು."